ಸುಣ್ಣದ ಸೀಮೆಯ ಮೊದಲ ಇಪ್ಪತ್ತು ನಿಮಿಷ

ಸಿಮೆಂಟ್ ಚೀಲದ ತೂಕ 50 ಕಿಲೋ. ಗೋದಾಮಿನಲ್ಲಿ ಲಾರಿ ಖಾಲಿ ಮಾಡುವ ಹಮಾಲ ಅದನ್ನು ಬೆನ್ನಿಗೇರಿಸಿಕೊಂಡು, ಕತ್ತು ಬಗ್ಗಿಸಿ ನಡೆಯುತ್ತಾನೆ. ಚೀಲದ ಬಾಯಿಯಿಂದ ಸೋರಿದ ಬೂದುಬಣ್ಣದ ಪುಡಿ ಹೆಗಲಿಗೆ, ಕತ್ತಿನ ಮಡಿಕೆಗೆ, ಸೊಂಟದಲ್ಲಿ ಲುಂಗಿ ಬಿಗಿದ ಜಾಗಕ್ಕೆ ಇಳಿಯುತ್ತದೆ. ಅಲ್ಲೆಲ್ಲ ಬೆವರು. ಸಿಮೆಂಟಿಗೆ ಬೇಕಾದದ್ದು ನೀರು ಮಾತ್ರ, ಅದು ಬಕೆಟ್ಟಿನದಾದರೂ ಸರಿ, ಮೈಯದಾದರೂ ಸರಿ. ನೀರು ಸೋಕಿದೊಡನೆ ಅದರಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟುಗಳು ಗಟ್ಟಿಯಾಗಲು ತೊಡಗುತ್ತವೆ, ಜೊತೆಯಲ್ಲೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟುತ್ತದೆ. ಎಲೆಗೆ ಹಚ್ಚುವ ಸುಣ್ಣವೂ ಇದೇ.

ಆರೋಗ್ಯವಂತ ಚರ್ಮದ ಮೇಲ್ಮೈಯ ಪಿಎಚ್ ಸುಮಾರು 5.5, ಅಂದರೆ ತುಸು ಆಮ್ಲೀಯ. ಕಲಸಿದ ಸಿಮೆಂಟಿನ ಪಿಎಚ್ 12ರಿಂದ 13. ಪಿಎಚ್ ಒಂದು ಅಂಕ ಏರಿತೆಂದರೆ ಕ್ಷಾರಗುಣ ಹತ್ತು ಪಟ್ಟು ಏರಿತೆಂದು ಅರ್ಥ. ಏಳು ಅಂಕ ಏರಿದರೆ ಒಂದು ಕೋಟಿ ಪಟ್ಟು. ಆಮ್ಲ ಬಿದ್ದ ಚರ್ಮದಲ್ಲಿ ಪ್ರೋಟೀನುಗಳು ಹೆಪ್ಪುಗಟ್ಟಿ ಒಂದು ಪದರವಾಗುತ್ತವೆ, ಆ ಪದರವೇ ಆಮ್ಲವನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕ್ಷಾರಕ್ಕೆ ಅಂಥ ತಡೆಯಿಲ್ಲ. ಅದು ಚರ್ಮದ ಕೊಬ್ಬನ್ನು ಸೋಪಾಗಿ ಪರಿವರ್ತಿಸುತ್ತ, ಪ್ರೋಟೀನನ್ನು ಕರಗಿಸುತ್ತ, ತೊಳೆದು ತೆಗೆಯುವವರೆಗೂ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ.

ಇದರ ಅತಿ ದೊಡ್ಡ ಅಪಾಯ ಎಂದರೆ ಮೊದಲಿಗೆ ನೋವೇ ಆಗುವುದಿಲ್ಲ. ಸ್ಲ್ಯಾಬ್ ಹಾಕುವ ದಿನ ಗೌಂಡಿ ಹಸಿ ಕಾಂಕ್ರೀಟಿನ ಮೇಲೆ ಮಂಡಿಯೂರಿ ಕೂತು ಕರಣೆಯಿಂದ ನಯ ಮಾಡುತ್ತಾನೆ. ಪ್ಯಾಂಟು ನೆನೆಯುತ್ತದೆ, ಒದ್ದೆ ಬಟ್ಟೆ ಮಂಡಿಗೆ ಅಂಟಿ ಕೂರುತ್ತದೆ. ಕೆಲಸದ ಗಡಿಬಿಡಿ, ಸಂಜೆಯೊಳಗೆ ಮುಗಿಸಬೇಕು. ಮಂಡಿ ತುಸು ಚುರುಗುಟ್ಟಿದರೂ ಉಜ್ಜಿದ್ದಕ್ಕೆ ಹಾಗಾಗಿರಬೇಕು ಎಂದುಕೊಳ್ಳುತ್ತಾನೆ. ಮನೆಗೆ ಹೋಗಿ ಬಿಸಿನೀರು ಹೊಯ್ದುಕೊಂಡಾಗ ಉರಿ ತಲೆಗೇರುತ್ತದೆ. ಮರುದಿನ ಮಂಡಿಯ ಚರ್ಮ ಕಪ್ಪುಹಸಿರಾಗಿ ಸತ್ತಿರುತ್ತದೆ. ಇಂಥ ಗಾಯಕ್ಕೆ ಚರ್ಮ ಕಸಿ ಮಾಡಬೇಕಾಗಿ ಬಂದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಬೇಕಾದಷ್ಟಿವೆ. ಚುರುಗುಟ್ಟಿದಾಗಲೇ ಬಟ್ಟೆ ಬಿಚ್ಚಿ ತೊಳೆದಿದ್ದರೆ ಗಾಯ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಕೆಲಸದ ಜಾಗದ ಪ್ರಥಮ ಚಿಕಿತ್ಸೆಯ ಬಗ್ಗೆ ಬರೆಯಲು ಕಲಬುರಗಿ ಜಿಲ್ಲೆಯ ಕೋಡ್ಲಾದ ಸುತ್ತಲಿನ ನೆಲಕ್ಕಿಂತ ಸೂಕ್ತವಾದ ಜಾಗ ಕರ್ನಾಟಕದಲ್ಲಿ ನನಗೆ ತೋರುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಕಪ್ಪು ಎರೆಮಣ್ಣಿನ ಕೆಳಗೆ ಭೀಮಾ ಗುಂಪಿನ ಸುಣ್ಣಕಲ್ಲು ಹಾಸುಹಾಸಾಗಿ ಮಲಗಿದೆ. ಹಾಳೆಯಾಗಿ ಏಳುವ ಕಡೆ ಅದು ಫರ್ಸಿ ಕಲ್ಲು, ದೇಶದ ಅದೆಷ್ಟೋ ಮನೆ, ಶಾಲೆ, ರೈಲು ನಿಲ್ದಾಣಗಳ ನೆಲ. ಉಳಿದ ಕಡೆ ಅದು ಸಿಮೆಂಟು. ಶಹಾಬಾದದಲ್ಲಿ 1920ರ ದಶಕದಲ್ಲೇ ಸಿಮೆಂಟ್ ಕಾರ್ಖಾನೆ ಬಂತು, 1968ರಲ್ಲಿ ವಾಡಿಯ ಎಸಿಸಿ. ಆಮೇಲೆ ಮಳಖೇಡ, ಸೇಡಂ, ಕೋಡ್ಲಾ, ಚಿಂಚೋಳಿ ತಾಲ್ಲೂಕಿನ ಹಳ್ಳಿಗಳು. ತೊಗರಿ ಹೊಲದ ಅಂಚಿಗೇ ಗೂಡಿನ ಗೋಪುರಗಳು ಎದ್ದವು. ಒಂದೇ ಮನೆಯಲ್ಲಿ ಅಣ್ಣ ಖಣಿಯಲ್ಲಿ, ತಮ್ಮ ಗುತ್ತೇದಾರನ ಕೈಕೆಳಗೆ ಕಾರ್ಖಾನೆಯಲ್ಲಿ, ತಾಯಿ ತೊಗರಿ ಹೊಲದಲ್ಲಿ ದುಡಿಯುವುದು ಇಲ್ಲಿ ಸಾಮಾನ್ಯ. ಪೆಟ್ಟು ಜೋರಾದರೆ ದೊಡ್ಡ ದವಾಖಾನೆಗೆ ಕಲಬುರಗಿಗೇ ಹೋಗಬೇಕು. ಸರ್ಕಾರಿ ವೈದ್ಯಕೀಯ ಸಂಸ್ಥೆಯಾದ ಜಿಮ್ಸ್ ಇರುವುದೂ, ಇಎಸ್‌ಐಸಿ ಆಸ್ಪತ್ರೆ ಇರುವುದೂ ಸೇಡಂ ರಸ್ತೆಯಲ್ಲೇ. ಆದರೆ ಸೇಡಂನಿಂದ ಅಲ್ಲಿಗೆ 50 ಕಿಲೋಮೀಟರಿಗೂ ಹೆಚ್ಚು ದೂರ. ಕೋಡ್ಲಾ, ಚಿಂಚೋಳಿ ಕಡೆಯಿಂದ ಇನ್ನೂ ದೂರ.

ಗಾಯವಾದ ಮೈ ಆ ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸುಟ್ಟ ಚರ್ಮಕ್ಕೆ ಇಪ್ಪತ್ತು ನಿಮಿಷ, ಸುಣ್ಣ ಬಿದ್ದ ಕಣ್ಣಿಗೆ ಕೆಲವೇ ನಿಮಿಷ, ರಕ್ತ ಚಿಮ್ಮುವ ತೊಡೆಗೆ ಮೂರೋ ನಾಲ್ಕೋ ನಿಮಿಷ, ನಿಂತ ಹೃದಯಕ್ಕೂ ಅಷ್ಟೇ. ಈ ನಿಮಿಷಗಳಲ್ಲಿ ಪಕ್ಕದಲ್ಲಿ ಇರುವವನು ವೈದ್ಯನಲ್ಲ, ಜೊತೆಗಾರ. ಹಾಗಾಗಿ ಈ ಅಧ್ಯಾಯ ಅವನಿಗಾಗಿ.

ಮೊದಲು ಬೆಂಕಿಯ ಮಾತು. ಸಿಮೆಂಟ್ ಕಾರ್ಖಾನೆಯ ಗೋಪುರದಲ್ಲಿ ಸುಣ್ಣಕಲ್ಲಿನ ಪುಡಿ ಸೈಕ್ಲೋನ್ ಎಂಬ ಕೊಳವೆಬುಡ್ಡಿಗಳನ್ನು ಒಂದೊಂದಾಗಿ ಹಾದು ಕೆಳಗಿಳಿಯುತ್ತ ಕಾಯುತ್ತದೆ. ಕೆಳಗಿನ ಸೈಕ್ಲೋನಿಗೆ ಬರುವ ಹೊತ್ತಿಗೆ ಅದು 850 ಡಿಗ್ರಿ ಆಸುಪಾಸು. ಆ ಹೊತ್ತಿಗೆ ಕಲ್ಲಿನಲ್ಲಿದ್ದ ಇಂಗಾಲದ ಡೈ ಆಕ್ಸೈಡ್ ಬಹುತೇಕ ಹಾರಿಹೋಗಿ, 100 ಕಿಲೋ ಶುದ್ಧ ಸುಣ್ಣಕಲ್ಲಿನಲ್ಲಿ 56 ಕಿಲೋ ಸುಟ್ಟ ಸುಣ್ಣ ಉಳಿಯುವ ಲೆಕ್ಕ. ಕೆಲವೊಮ್ಮೆ ಈ ಪುಡಿ ಗಂಟುಕಟ್ಟಿ ದಾರಿ ಮುಚ್ಚಿಕೊಳ್ಳುತ್ತದೆ. ಜಾಮ್ ಬಿಡಿಸಲು ಕಿಂಡಿಯಿಂದ ಸಲಾಕೆ ಹಾಕುವಾಗ, ಗಾಳಿ ಊದುವಾಗ ಅದು ಒಮ್ಮೆಲೇ ಕುಸಿದು ಹೊರಗೆ ನುಗ್ಗಬಹುದು. ಗಾಳಿ ತುಂಬಿದ ಬಿಸಿ ಪುಡಿ ದ್ರವದ ಹಾಗೆ ಹರಿಯುತ್ತದೆ, ಬೂಟಿನೊಳಗೆ, ಕಾಲರಿನೊಳಗೆ, ಕೈಗವಸಿನೊಳಗೆ ಇಳಿಯುತ್ತದೆ. ಜಗತ್ತಿನ ಎಲ್ಲ ಸಿಮೆಂಟ್ ಕಾರ್ಖಾನೆಗಳೂ ಹೆದರುವ ಅಪಘಾತ ಇದು. ಇಲ್ಲಿ ಸುಡುವುದು ಶಾಖ ಒಂದೇ ಅಲ್ಲ, ಸುಣ್ಣವೂ ಸುಡುತ್ತದೆ.

ಆಗ ಎರಡು ಕೆಲಸ ಬೇಗ ಆಗಬೇಕು. ಮೈಮೇಲಿನ ಒಣ ಪುಡಿಯನ್ನು ಕೊಡವಿ, ಬೂಟು ಬಟ್ಟೆ ತೆಗೆದು ಬಿಸುಡಬೇಕು. ಆಮೇಲೆ ಧಾರಾಳವಾಗಿ ನೀರು ಹರಿಸಬೇಕು. ಪುಡಿಯನ್ನು ಮೊದಲು ಕೊಡವುವುದಕ್ಕೆ ಕಾರಣವಿದೆ. ಒಂದು ಕಿಲೋ ಸುಟ್ಟ ಸುಣ್ಣ ಪೂರ್ತಿ ಅರಳುವಾಗ ಬಿಡುವ ಶಾಖ ಮೂರು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ಒಯ್ಯಬಲ್ಲದು. ಒಂದು ಚೊಂಬು ನೀರು ಚಿಮುಕಿಸಿದರೆ ಆ ಶಾಖವೆಲ್ಲ ಚರ್ಮದ ಮೇಲೆಯೇ. ಹೊಳೆಯಂತೆ ಹರಿಸಿದರೆ ನೀರು ಶಾಖವನ್ನೂ ಸುಣ್ಣವನ್ನೂ ಹೊತ್ತುಕೊಂಡು ಹೋಗುತ್ತದೆ. ಪಾಲಿಯೆಸ್ಟರ್ ಅಂಗಿ ಕರಗಿ ಮೈಗೆ ಅಂಟಿದ್ದರೆ ಎಳೆಯಬಾರದು, ಸುತ್ತಲಿನದನ್ನು ಕತ್ತರಿಸಿ ಅಂಟಿದ್ದನ್ನು ಹಾಗೇ ಬಿಡಬೇಕು. ಬಿಸಿ ಜಾಗದಲ್ಲಿ ಹತ್ತಿ ಬಟ್ಟೆಯನ್ನೇ ತೊಡಬೇಕು ಎಂಬ ನಿಯಮ ಹುಟ್ಟಿದ್ದು ಇದಕ್ಕೇ.

ಇಪ್ಪತ್ತು ನಿಮಿಷ ಯಾಕೆ? ಹಾರ್ವರ್ಡಿನ ಮೊರಿಟ್ಜ್ ಮತ್ತು ಹೆನ್ರಿಕ್ಸ್ 1947ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸುಟ್ಟಗಾಯವೆಂದರೆ ತಾಪ ಮತ್ತು ಸಮಯ ಎರಡರ ಲೆಕ್ಕ ಎಂದು ತೋರಿಸಿದವು. 44 ಡಿಗ್ರಿ ಶಾಖ ಚರ್ಮವನ್ನು ಕೆಡಿಸಲು ಸುಮಾರು ಆರು ಗಂಟೆ ಬೇಕು, 60 ಡಿಗ್ರಿಗೆ ಕೆಲವು ಸೆಕೆಂಡು, 70ಕ್ಕೆ ಒಂದು ಸೆಕೆಂಡೂ ಬೇಡ. ಶಾಖದ ಮೂಲ ದೂರವಾದ ಮೇಲೂ ಚರ್ಮದ ಒಳಪದರ ಬಿಸಿಯಾಗಿಯೇ ಇರುತ್ತದೆ. ಒಲೆಯಿಂದ ಇಳಿಸಿದ ಮೇಲೂ ಜೋಳದ ನುಚ್ಚು ತನ್ನ ಕಾವಿಗೇ ಬೇಯುವಂತೆ ಮಾಂಸವೂ ಬೇಯುತ್ತದೆ. ಹರಿಯುವ ತಣ್ಣೀರು ಅದನ್ನು ನಿಲ್ಲಿಸುತ್ತದೆ. ಸುಟ್ಟು ಮೂರು ಗಂಟೆಯೊಳಗೆ ಇಪ್ಪತ್ತು ನಿಮಿಷ ನೀರು ಹರಿಸಿದರೂ ಪ್ರಯೋಜನವಿದೆ, ಕೂಡಲೇ ಹರಿಸಿದರೆ ಹೆಚ್ಚಿನ ಪ್ರಯೋಜನ. ಮಂಜುಗಡ್ಡೆ ಬೇಡ, ಅದು ರಕ್ತನಾಳಗಳನ್ನು ಕುಗ್ಗಿಸಿ ಗಾಯವನ್ನು ಆಳವಾಗಿಸುತ್ತದೆ. "ಎಣ್ಣಿ ತಗೊಂಡ್ ಬಾರೋ" ಎಂದು ಕೂಗುವ ಕಾಳಜಿಯ ಮನುಷ್ಯ ಎಲ್ಲ ಕಡೆ ಇರುತ್ತಾನೆ. ಎಣ್ಣೆ, ಟೂತ್‌ಪೇಸ್ಟ್, ಅರಿಶಿನ, ಶಾಯಿ ಯಾವುದೂ ಕಾವನ್ನು ಹೊರಹಾಕುವುದಿಲ್ಲ. ಎಣ್ಣೆಯಂತೂ ಒಳಗೆ ಹಿಡಿದಿಡುತ್ತದೆ. ಮುಂದೆ ಗಾಯದ ಆಳ ನೋಡಬೇಕಾದ ವೈದ್ಯರು ಮೊದಲು ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ, ಆ ನೋವು ರೋಗಿಗೇ.

ಈ ಸೀಮೆಯಲ್ಲಿ ನೀರಿಗೇ ಒಂದು ತೊಡಕಿದೆ, ಹೊರಗಿನ ಕೈಪಿಡಿಗಳಲ್ಲಿ ಇದು ಕಾಣುವುದು ಕಡಿಮೆ. ಮೇ ತಿಂಗಳ ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕಿನಿಂದ, ಬಿಸಿಲಿನಲ್ಲಿ ಮಲಗಿದ ಪೈಪಿನಿಂದ ಬರುವ ನೀರು ಕೈಯಿಟ್ಟರೆ ಸುಡುವಷ್ಟು ಕಾದಿರುತ್ತದೆ. ಸುಟ್ಟ ಗಾಯಕ್ಕೆ ಅದನ್ನೇ ಬಿಟ್ಟರೆ ಮತ್ತೊಮ್ಮೆ ಸುಟ್ಟಂತೆ. ತುರ್ತು ಶವರ್ ಮತ್ತು ಕಣ್ಣು ತೊಳೆಯುವ ನಲ್ಲಿಗಳಿಗೆ ಅಮೆರಿಕದ ಮಾನದಂಡ ಹೇಳುವ ತಾಪ 16ರಿಂದ 38 ಡಿಗ್ರಿ. ಚಳಿದೇಶದವರು ನೀರು ಹೆಪ್ಪುಗಟ್ಟದಂತೆ ಪೈಪಿಗೆ ಹೊದಿಕೆ ಹಾಕುತ್ತಾರೆ, ನಾವು ಕಾಯದಂತೆ ಹಾಕಬೇಕು. ಟ್ಯಾಂಕಿಗೆ ನೆರಳು, ಪೈಪಿಗೆ ಮಣ್ಣಿನ ಅಥವಾ ಗೋಣಿಯ ಮುಚ್ಚಳ, ಪ್ರತಿ ಪಾಳಿಯ ಶುರುವಿನಲ್ಲಿ ನಲ್ಲಿ ಬಿಟ್ಟು ಕೈಯಿಟ್ಟು ನೋಡುವ ಅಭ್ಯಾಸ. ಖಣಿಯಲ್ಲಿ ನಲ್ಲಿಯೇ ಇಲ್ಲವೆಂದರೆ ನೆರಳಿನಲ್ಲಿ ಮುಚ್ಚಿಟ್ಟ ಎರಡು ದೊಡ್ಡ ಕೊಡ. ಕುಡಿಯುವ ನೀರಿಗೂ ಅದೇ ಮಡಕೆಯಾದರೆ ಮಧ್ಯಾಹ್ನಕ್ಕೆ ಖಾಲಿಯಾಗಿರುತ್ತದೆ, ಆದ್ದರಿಂದ ಬೇರೆಯೇ ಇರಬೇಕು.

ಕಣ್ಣಿನ ವಿಷಯದಲ್ಲಿ ನಿಧಾನಕ್ಕೆ ಎಡೆಯೇ ಇಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪೊರೆ ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರಿನಷ್ಟು. ಸುಣ್ಣದ ಕ್ಷಾರ ಅದನ್ನು ದಾಟಿ ಒಳಗಿನ ದ್ರವಕ್ಕೆ ತಲುಪಲು ಕೆಲವೇ ನಿಮಿಷ ಸಾಕು. ಕಾರ್ನಿಯಾ ಬೆಳ್ಳಗಾಗಿಬಿಟ್ಟರೆ ದೃಷ್ಟಿ ಹಿಂದಿರುಗುವುದು ಕಷ್ಟ. ಈ ನೆಲದಲ್ಲಿ ಕಣ್ಣಿಗೆ ಸುಣ್ಣ ಬೀಳಲು ಕಾರ್ಖಾನೆಯೇ ಬೇಕಿಲ್ಲ. ಎಲೆಗೆ ಹಚ್ಚುವ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣವನ್ನು ಹಿಸುಕಿದ ಮಕ್ಕಳ ಕಣ್ಣಿಗೆ ಅದು ಚಿಮ್ಮುವುದನ್ನು ಭಾರತದ ನೇತ್ರವೈದ್ಯರು ಮತ್ತೆ ಮತ್ತೆ ವರದಿ ಮಾಡಿದ್ದಾರೆ. ಸೆರಗಿನ ತುದಿಯಿಂದ ಒರೆಸುವುದು, ನಾಲಿಗೆಯಿಂದ ತೆಗೆಸುವುದು, ತುಪ್ಪ ಅಥವಾ ಎದೆಹಾಲು ಹಾಕುವುದು ಎಲ್ಲವೂ ಇದ್ದ ನಾಲ್ಕಾರು ನಿಮಿಷವನ್ನು ಕಳೆಯುತ್ತವೆ. ಕ್ಷಾರಕ್ಕೆ ಆಮ್ಲ ಮದ್ದಲ್ಲವೇ ಎಂದು ಲಿಂಬೆರಸ ಹುಡುಕುವುದೂ ಬೇಡ, ಎರಡೂ ಕೂಡಿದಾಗ ಶಾಖ ಹುಟ್ಟುತ್ತದೆ.

ಮಾಡಬೇಕಾದದ್ದು ಇಷ್ಟು. ಕಣ್ಣಿಗೆ ಸುಣ್ಣ ಬಿದ್ದವನನ್ನು ಮಲಗಿಸಿ, ತಲೆಯನ್ನು ಪೆಟ್ಟಾದ ಕಣ್ಣಿನ ಕಡೆಗೇ ಹೊರಳಿಸಿ. ಹಾಗೆ ಹೊರಳಿಸಿದರೆ ತೊಳೆದ ನೀರು ಇನ್ನೊಂದು ಕಣ್ಣಿಗೆ ಹರಿಯುವುದಿಲ್ಲ. ಉರಿಗೆ ರೆಪ್ಪೆ ತಾನಾಗಿಯೇ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಬೆರಳಿನಿಂದ ಎರಡೂ ರೆಪ್ಪೆ ಅಗಲಿಸಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಶುದ್ಧ ನೀರು ಸುರಿಯಬೇಕು. ಕುಡಿಯುವ ನೀರಿನ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿದರೆ ಹದವಾದ ಧಾರೆ ಬರುತ್ತದೆ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ನೋಡಲು ಹೇಳುತ್ತಿರಬೇಕು. ಮೇಲ್ರೆಪ್ಪೆಯ ಒಳಗೆ ಸುಣ್ಣದ ಹರಳು ಅಂಟಿ ಕೂತಿದ್ದರೆ ಎಷ್ಟು ತೊಳೆದರೂ ಅದು ಕ್ಷಾರ ಬಿಡುತ್ತಲೇ ಇರುತ್ತದೆ, ಆದ್ದರಿಂದ ರೆಪ್ಪೆ ಎತ್ತಿ ಒಳಗೂ ನೀರು ಹಾಯಿಸಬೇಕು. ಸುಣ್ಣಕ್ಕೆ ಅರ್ಧ ಗಂಟೆಯಾದರೂ ಬೇಕು, ವಾಹನದಲ್ಲಿ ಹೋಗುವಾಗಲೂ ನಿಲ್ಲಿಸಬಾರದು. ಅವನು ಒದ್ದಾಡುತ್ತಾನೆ, ಬೈಯುತ್ತಾನೆ, ಸಾಕು ಬಿಡು ಎನ್ನುತ್ತಾನೆ. ಬಿಡಬಾರದು.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಇಲ್ಲಿನ ಬಿಸಿಲನ್ನು ಸರ್ಕಾರ ತಾನಾಗಿ ಒಪ್ಪಿಕೊಂಡಿರುವುದಕ್ಕೆ ಇದು ಸಾಕ್ಷಿ, ಒಳ್ಳೆಯ ಕ್ರಮ ಕೂಡ. ಫ್ಯಾನಿನ ಕೆಳಗೆ ಕೂರುವವರಿಗೆ ಸಿಕ್ಕ ಈ ರಿಯಾಯಿತಿ ಬಿಳಿ ಕಲ್ಲು ಬಿಸಿಲನ್ನು ಮುಖಕ್ಕೆ ಎರಚುವ ಖಣಿಯಲ್ಲಿ ಹಾರೆ ಹಿಡಿದವರಿಗೂ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕ ಹಾಕಿ ನೋಡೋಣ. ಕಲ್ಲು ಒಡೆಯುವಂಥ ಕಠಿಣ ಕೆಲಸದಲ್ಲಿ ಮೈ ಸುಮಾರು 400 ವ್ಯಾಟ್ ಶಾಖ ಹುಟ್ಟಿಸುತ್ತದೆ. ಅದು ಹೊರಹೋಗದಿದ್ದರೆ 60 ಕಿಲೋ ತೂಕದ ಮನುಷ್ಯನ ಮೈತಾಪ ಒಂದು ಗಂಟೆಗೆ ಆರು ಡಿಗ್ರಿಗೂ ಹೆಚ್ಚು ಏರಬೇಕು. ಏರುವುದಿಲ್ಲ, ಬೆವರು ತಡೆಯುತ್ತದೆ. ಒಂದು ಲೀಟರ್ ಬೆವರು ಆರಿದರೆ ಅದು ಒಯ್ಯುವ ಶಾಖ ಅದೇ ಮನುಷ್ಯನ ತಾಪವನ್ನು ಹತ್ತು ಡಿಗ್ರಿಗೂ ಹೆಚ್ಚು ಇಳಿಸುವಷ್ಟು. ಷರತ್ತು ಒಂದೇ, ಬೆವರು ಆರಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಏನನ್ನೂ ತಂಪು ಮಾಡುವುದಿಲ್ಲ. ಗಾಳಿಯ ತಾಪ ಮೈಯ 37 ಡಿಗ್ರಿಯನ್ನು ಮೀರಿದ ಮೇಲೆ ಬೆವರು ಬಿಟ್ಟು ಬೇರೆ ದಾರಿಯೇ ಇಲ್ಲ, ನೀರು ಕುಡಿಯದಿದ್ದರೆ ಬೆವರಿಗೂ ಬಂಡವಾಳವಿಲ್ಲ.

ಸುಸ್ತು, ತಲೆನೋವು, ವಾಕರಿಕೆ, ಮೀನಖಂಡದ ಸೆಳೆತ ಇಷ್ಟೇ ಇದ್ದರೆ ನೆರಳು, ವಿಶ್ರಾಂತಿ, ಉಪ್ಪು ಸಕ್ಕರೆಯ ನೀರು ಅಥವಾ ಓಆರ್‌ಎಸ್ ಸಾಕು. ಆದರೆ ಮಾತು ತೊದಲಿತು, ಹೆಸರು ಕೇಳಿದರೆ ಏನೋ ಹೇಳಿದ, ನಡಿಗೆ ತೂರಾಡಿತು, ಮೈ ಕೆಂಡವಾಗಿದೆ ಎಂದರೆ ಅದು ಉಷ್ಣಾಘಾತ. ಒಳತಾಪ 40 ದಾಟಿ ಮಿದುಳು ಕೆಡಲು ಶುರುವಾಗಿದೆ ಎಂದರ್ಥ. ದುಡಿಯುತ್ತಿದ್ದವನಲ್ಲಿ ಮೈ ಒಣಗಿಯೇ ಇರಬೇಕೆಂದಿಲ್ಲ, ಬೆವರುತ್ತಿರಲೂಬಹುದು. ಕುಡಿದಿದ್ದಾನೆ ಎಂದು ತಿಳಿದು ಮರದಡಿ ಮಲಗಿಸಿ ಬಿಟ್ಟರೆ ಜೀವಕ್ಕೇ ಎರವಾದೀತು. ಇಲ್ಲಿ ಕ್ರೀಡಾವೈದ್ಯರೂ ಸೈನ್ಯದ ವೈದ್ಯರೂ ಕಲಿಸಿಕೊಟ್ಟ ಸೂತ್ರವಿದೆ: ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ಅರ್ಧ ಗಂಟೆಯೊಳಗೆ ತಾಪವನ್ನು 40ರ ಕೆಳಗೆ ತಂದರೆ ಬದುಕುಳಿಯುವ ಸಾಧ್ಯತೆ ಬಹಳ ಹೆಚ್ಚು. ಟಂಟಂನಲ್ಲಿ ಹಾಕಿಕೊಂಡು ಬಿಸಿಗಾಳಿಯಲ್ಲಿ ಕಲಬುರಗಿಗೆ ಹೊರಟರೆ ಆ ಅರ್ಧ ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ದನಕ್ಕೆ ನೀರು ಕುಡಿಸುವ ತೊಟ್ಟಿ ಹತ್ತಿರವಿದ್ದರೆ ತಲೆ ಹಿಡಿದುಕೊಂಡು ಕುತ್ತಿಗೆಯವರೆಗೆ ಅದರಲ್ಲಿ ಇಳಿಸಿ. ಇಲ್ಲವಾದರೆ ಬಟ್ಟೆ ತೆಗೆದು ಮೈಯೆಲ್ಲ ನೀರು ಸುರಿಯುತ್ತ ಜೋರಾಗಿ ಗಾಳಿ ಬೀಸಿ. ಕರಾವಳಿಯ ಜಿಗುಟು ಸೆಕೆಯಲ್ಲಿ ಗಾಳಿ ಬೀಸಿದರೂ ನೀರು ಬೇಗ ಆರುವುದಿಲ್ಲ. ಸೇಡಂನ ಒಣ ಹವೆಯಲ್ಲಿ ಆರುತ್ತದೆ, ಕೊಲ್ಲುವ ಈ ಒಣ ಹವೆಯನ್ನೇ ಬದುಕಿಸಲೂ ಬಳಸಿಕೊಳ್ಳಬಹುದು. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ, ಇದು ಜ್ವರವಲ್ಲ.

ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. "ನೀರ್ ಕುಡಸ್ರಿ, ನೀರ್" ಎಂಬ ಕೂಗು ನಮ್ಮಲ್ಲಿ ಕರುಣೆಯಿಂದಲೇ ಹುಟ್ಟುತ್ತದೆ. ಆದರೆ ಪ್ರಜ್ಞೆಯಿಲ್ಲದವನಿಗೆ ನುಂಗುವ ಪ್ರತಿಕ್ರಿಯೆ ಕೆಲಸ ಮಾಡುವುದಿಲ್ಲ, ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ವಾಂತಿ ಬಂದರೂ ಹೊರಗೆ ಹರಿದುಹೋಗುತ್ತದೆ. ಮೂರ್ಛೆ ಬಂದವನ ಕೈಗೆ ಕೀಲಿಕೈ ಕೊಡುವುದು, ಮೂಗಿಗೆ ಈರುಳ್ಳಿ ಅಥವಾ ಚಪ್ಪಲಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು ಇವನ್ನೂ ಬಿಡಬೇಕು.

ಫರ್ಸಿ ಕಲ್ಲಿನ ಪಾಲಿಶ್ ಯಂತ್ರದ ಮುಂದೆ, ಕಟಿಂಗ್ ಗಾಲಿಯ ಮುಂದೆ, ಕಾರ್ಖಾನೆಯ ಬೆಲ್ಟಿನ ರೋಲರ್ ಹತ್ತಿರ ಆಗುವ ಗಾಯಗಳು ಬೇರೆ ಬಗೆಯವು. ವಯಸ್ಕನ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋದರೆ ರಕ್ತದೊತ್ತಡ ಕುಸಿಯುತ್ತದೆ. ತಡೆಯುವ ಉಪಾಯ ಸರಳ: ಸ್ವಚ್ಛ ಬಟ್ಟೆಯಿಟ್ಟು ಗಾಯದ ಮೇಲೇ ನೇರವಾಗಿ, ಮೈಯ ಭಾರ ಹಾಕಿ ಒತ್ತಬೇಕು. ನಿಂತಿತೇ ಎಂದು ಎತ್ತಿ ನೋಡಬಾರದು, ಹೆಪ್ಪುಗಟ್ಟುತ್ತಿದ್ದ ರಕ್ತ ಬಟ್ಟೆಯ ಜೊತೆ ಕಿತ್ತು ಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು. ಕೈಯೋ ಕಾಲೋ ಕತ್ತರಿಸಿ ರಕ್ತ ಚಿಮ್ಮುತ್ತಲೇ ಇದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಅಗಲವಾದ ಪಟ್ಟಿ ಸುತ್ತಿ, ಗಂಟಿನೊಳಗೆ ಕೋಲು ಸೇರಿಸಿ, ರಕ್ತ ನಿಲ್ಲುವವರೆಗೂ ತಿರುವಬೇಕು. ಕಟ್ಟಿದ ಹೊತ್ತನ್ನು ಅವನ ಹಣೆಯ ಮೇಲೆ ಪೆನ್ನಿನಿಂದ ಬರೆಯಬೇಕು, ಆಸ್ಪತ್ರೆ ಮುಟ್ಟುವವರೆಗೆ ಸಡಿಲಿಸಬಾರದು. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಬೆರಳಿಗೆ ನೇರವಾಗಿ ಮಂಜು ತಾಗಿದರೆ ಮತ್ತೆ ಜೋಡಿಸಲು ಬರುವುದಿಲ್ಲ.

ಇದೇ ಬಿಗಿಕಟ್ಟು ತೊಗರಿ ಹೊಲದಲ್ಲಿ ಹಾವು ಕಚ್ಚಿದಾಗ ಕೆಡುಕು ಮಾಡುತ್ತದೆ. ಅಲ್ಲಿ ಕಟ್ಟಬಾರದು, ಕೊಯ್ಯಬಾರದು, ಹೀರಬಾರದು. ಕಾಲನ್ನು ಅಲುಗಾಡಿಸದೆ ಬೇಗ ದವಾಖಾನೆಗೆ ಒಯ್ಯಬೇಕು. ಹಾವು ಕಡಿತವನ್ನು ವರದಿ ಮಾಡುವುದು ಕರ್ನಾಟಕದಲ್ಲಿ 2024ರಿಂದ ಕಡ್ಡಾಯ.

ಕರೆಂಟ್ ಹೊಡೆದವನ ಕಥೆಯಲ್ಲಿ ವಿಜ್ಞಾನದ ಒಂದು ಸೊಗಸಾದ ತಿರುವಿದೆ. 1920ರ ದಶಕದಲ್ಲಿ ಅಮೆರಿಕದ ವಿದ್ಯುತ್ ಕಂಪನಿಗಳು ತಮ್ಮ ಲೈನ್‌ಮನ್‌ಗಳು ಸಾಯುತ್ತಿರುವುದನ್ನು ನೋಡಿ ಸಂಶೋಧನೆಗೆ ಹಣ ಕೊಟ್ಟವು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆ ಕೆಲಸ ಹಿಡಿದವರಲ್ಲಿ ವಿಲಿಯಂ ಕೌವೆನ್‌ಹೋವೆನ್ ಒಬ್ಬರು. ಅವರು ವೈದ್ಯರಲ್ಲ, ವಿದ್ಯುತ್ ಎಂಜಿನಿಯರ್. ಹೃದಯದ ಮೂಲಕ ಹಾದ ವಿದ್ಯುತ್ ಅದರ ಮಿಡಿತವನ್ನು ನಡುಕವಾಗಿಸುತ್ತದೆ, ಇನ್ನೊಂದು ವಿದ್ಯುದಾಘಾತ ಅದನ್ನು ಸರಿಪಡಿಸಬಹುದು ಎಂದು ಅವರು ಹುಡುಕುತ್ತಿದ್ದರು. 1958ರಲ್ಲಿ ಪ್ರಯೋಗದ ನಾಯಿಯ ಎದೆಯ ಮೇಲೆ ಭಾರವಾದ ವಿದ್ಯುದ್ವಾರಗಳನ್ನು ಒತ್ತುವಾಗ, ವಿದ್ಯುತ್ ಹರಿಸುವ ಮೊದಲೇ ರಕ್ತದೊತ್ತಡ ತುಸು ಏರುವುದನ್ನು ಅವರ ಕಿರಿಯ ಸಹೋದ್ಯೋಗಿ ಗೈ ನಿಕರ್‌ಬಾಕರ್ ಗಮನಿಸಿದರು. ಎದೆಯನ್ನು ಹೊರಗಿನಿಂದ ಒತ್ತಿದರೆ ಸಾಕು, ರಕ್ತ ಹರಿಯುತ್ತದೆ! ಶಸ್ತ್ರವೈದ್ಯ ಜೇಮ್ಸ್ ಜೂಡ್ ಜೊತೆ ಸೇರಿ ಮೂವರೂ 1960ರಲ್ಲಿ ಇದನ್ನು ಪ್ರಕಟಿಸಿದಾಗ ಕೌವೆನ್‌ಹೋವೆನ್‌ಗೆ ಎಪ್ಪತ್ತು ದಾಟಿತ್ತು. ಇಂದು ಸಿಪಿಆರ್ ಎಂದು ಕಲಿಸುವ ವಿದ್ಯೆ ದುಡಿಮೆಗಾರರ ಸಾವಿನ ಪ್ರಶ್ನೆಯಿಂದಲೇ ಹುಟ್ಟಿದ್ದು.

ಮೊದಲು ಮೇನ್ ಸ್ವಿಚ್ ತೆಗೆಯಬೇಕು. ಮನೆಯ, ಮೋಟಾರಿನ ಕರೆಂಟಾದರೆ ಒಣ ಕಟ್ಟಿಗೆಯಿಂದ ತಂತಿ ಸರಿಸಬಹುದು. ಮೇಲಿನ ಎಚ್‌ಟಿ ಲೈನ್ ಹರಿದು ಬಿದ್ದಿದ್ದರೆ ಹತ್ತಿರವೇ ಸುಳಿಯಬಾರದು. ಬಿದ್ದವನಿಗೆ ಎಚ್ಚರವಿಲ್ಲ, ಉಸಿರಿಲ್ಲ ಅಥವಾ ಮೀನಿನಂತೆ ಬಾಯಿಬಿಟ್ಟು ಏದುತ್ತಿದ್ದಾನೆ ಎಂದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ಬಗ್ಗಿಸದೆ, ಐದರಿಂದ ಆರು ಸೆಂಟಿಮೀಟರ್ ಇಳಿಯುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು, ತೋಳು ಸೋತರೆ ಆಳ ಸಾಲುವುದಿಲ್ಲ. ಪಕ್ಕೆಲುಬು ಲಟಕ್ಕೆಂದರೂ ನಿಲ್ಲಿಸಬೇಡಿ. ಮುರಿದ ಎಲುಬು ಕೂಡುತ್ತದೆ.

ಕಾಪಾಡಲು ಹೋದವನೇ ಸಾಯುವುದು ಹೆಚ್ಚಾಗಿ ನಡೆಯುವುದು ಮುಚ್ಚಿದ ಜಾಗಗಳಲ್ಲಿ, ಅಂದರೆ ಟ್ಯಾಂಕು, ಸೈಲೊ, ಕಲ್ಲಿದ್ದಲ ಬಂಕರ್, ಪಾಳುಬಾವಿ, ಶೌಚಗುಂಡಿಗಳಲ್ಲಿ. ಒಳಗಿನವನು ಕುಸಿದದ್ದನ್ನು ಕಂಡು ಮತ್ತೊಬ್ಬ ಇಳಿಯುತ್ತಾನೆ, ಅವನನ್ನು ಕಂಡು ಮೂರನೆಯವನು. ಇದರ ತಿಳಿವಳಿಕೆ ನಮ್ಮ ಹಿರಿಯರಿಗೆ ಚೆನ್ನಾಗಿಯೇ ಇತ್ತು. ಜೋಳ ತುಂಬಿಡುವ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕಾಳೂ ಉಸಿರಾಡುತ್ತದೆ, ಮುಚ್ಚಿದ ಹಗೇವಿನಲ್ಲಿ ತಿಂಗಳುಗಟ್ಟಲೆ ಆಮ್ಲಜನಕ ತೀರಿ, ಗಾಳಿಗಿಂತ ಭಾರವಾದ ಇಂಗಾಲದ ಡೈ ಆಕ್ಸೈಡ್ ತಳದಲ್ಲಿ ನಿಂತಿರುತ್ತದೆ. ಬಾಯಿ ತೆರೆದಿಟ್ಟು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ ಆಮೇಲೆ ಇಳಿಯುವುದು ರೂಢಿ. ಕಾರ್ಖಾನೆಯಲ್ಲಿ ದೀಪದ ಪರೀಕ್ಷೆ ಸಲ್ಲದು. ಅಲ್ಲಿ ಹೊತ್ತಿಕೊಳ್ಳುವ ಅನಿಲ ಇರಬಹುದು, ದೀಪ ಆರದಿದ್ದರೂ ವಿಷಾನಿಲ ಇರಬಹುದು. ಅಲ್ಲಿಗೆ ಬೇಕಾದದ್ದು ಅನಿಲ ಅಳೆಯುವ ಯಂತ್ರ, ಸೊಂಟಕ್ಕೆ ಹಗ್ಗ, ಹೊರಗೆ ನಿಂತು ಎಳೆಯುವ ಒಬ್ಬ ಜೊತೆಗಾರ. ಇಳಿಯುವವನು ಹಗ್ಗ ಕಟ್ಟಿಕೊಂಡಿದ್ದರೆ ಎರಡನೆಯವನು ಇಳಿಯಬೇಕಾಗಿಯೇ ಇಲ್ಲ.

ಇದನ್ನೆಲ್ಲ ಕಲಿಸುವವರು ಯಾರು? 1877ರಲ್ಲಿ ಇಂಗ್ಲೆಂಡಿನಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಸಂಘ ಹುಟ್ಟಿದ್ದು ಗಣಿ ಮತ್ತು ರೈಲ್ವೆ ಕೆಲಸಗಾರರಿಗೆ, ಪೊಲೀಸರಿಗೆ ಕಲಿಸುವುದಕ್ಕಾಗಿ. ಭಾರತೀಯ ರೈಲ್ವೆ ಆ ಪರಂಪರೆಯನ್ನು ಉಳಿಸಿಕೊಂಡಿದೆ, 1874ರಿಂದ ಜಂಕ್ಷನ್ ಆಗಿರುವ ವಾಡಿಯ ಮೂಲಕ ಹೋಗುವ ರೈಲಿನ ಮ್ಯಾನೇಜರ್ (ಹಿಂದಿನ ಗಾರ್ಡ್) ಬಳಿಯೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರುತ್ತದೆ. 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಮು 150 ಕಾರ್ಮಿಕರಿಗೆ ಒಂದರಂತೆ ಪೆಟ್ಟಿಗೆ, ಅದನ್ನು ನೋಡಿಕೊಳ್ಳಲು ತರಬೇತಾದ ಒಬ್ಬ ಮನುಷ್ಯ, 500ಕ್ಕಿಂತ ಹೆಚ್ಚು ಜನರಿದ್ದರೆ ಆಂಬುಲೆನ್ಸ್ ಕೋಣೆ ಇರಬೇಕೆಂದು ವಿಧಿಸಿತು. ದೊಡ್ಡ ಕಾರ್ಖಾನೆಗಳ ಗೇಟಿನೊಳಗೆ ಕಾನೂನು ಹೀಗೆ ಬಿಗಿಯಾಗಿತ್ತು. ಆದರೆ ಯಂತ್ರವಿದ್ದೂ ಹತ್ತು ಜನರಿಗಿಂತ ಕಡಿಮೆ ಇರುವ ಪಾಲಿಶ್ ಘಟಕ ಆ ಕಾಯ್ದೆಯ ಲೆಕ್ಕದಲ್ಲಿ ಕಾರ್ಖಾನೆಯೇ ಆಗಿರಲಿಲ್ಲ. 1952ರ ಗಣಿ ಕಾಯ್ದೆಯೂ ಆರು ಮೀಟರಿಗಿಂತ ಆಳವಿಲ್ಲದ, ಐವತ್ತು ಜನರಿಗಿಂತ ಹೆಚ್ಚು ದುಡಿಯದ, ಸಿಡಿಮದ್ದು ಬಳಸದ ಕಟ್ಟಡಕಲ್ಲಿನ ಮತ್ತು ಸುಣ್ಣಕಲ್ಲಿನ ಬಯಲು ಖಣಿಗಳನ್ನು ತನ್ನ ಬಹುಪಾಲು ನಿಯಮಗಳಿಂದ ಹೊರಗಿಟ್ಟಿತು. ಹಾರೆ ಸುತ್ತಿಗೆಗಳಲ್ಲೇ ನಡೆಯುವ ಸಣ್ಣ ಫರ್ಸಿ ಖಣಿಗೆ ಈ ವರ್ಣನೆ ಚೆನ್ನಾಗಿ ಹೊಂದುತ್ತದೆ. ಅಲ್ಲಿ ದುಡಿಯುವವನ ಬೆರಳೂ ಬೆರಳೇ. ಈ ಹಳೆಯ ಕಾನೂನುಗಳನ್ನು ಒಳಗೊಂಡು 2020ರಲ್ಲಿ ಹೊಸ ಸಂಹಿತೆ ಬಂದಿದೆ. ಮುಕಾದಮನೊಬ್ಬ ಮನಸ್ಸು ಮಾಡಿದರೆ ಯಾವ ಕಾನೂನಿಗೂ ಕಾಯಬೇಕಿಲ್ಲ. ಸ್ವಚ್ಛ ಬಟ್ಟೆಯ ಅಗಲ ಪಟ್ಟಿಗಳು, ಕತ್ತರಿ, ಕೈಗವಸು, ಓಆರ್‌ಎಸ್ ಪೊಟ್ಟಣ, ಒಂದು ಪೆನ್ನು, ಮೂತಿಯಿರುವ ನೀರಿನ ಬಾಟಲಿ ಇಷ್ಟಿದ್ದರೆ ಪೆಟ್ಟಿಗೆ ಆಯಿತು. ಅದಕ್ಕೆ ಬೀಗ ಹಾಕಿ ಕೀಲಿಯನ್ನು ಕಚೇರಿಯಲ್ಲಿ ಇಡಬಾರದು.

ಕರ್ನಾಟಕದಲ್ಲಿ 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು. ಕರೆ ಮಾಡಿದಾಗ ಊರಿನ ಹೆಸರು ಮಾತ್ರ ಹೇಳಿದರೆ ಆಂಬುಲೆನ್ಸ್ ಖಣಿಗಳ ನಡುವಿನ ಲಾರಿ ದಾರಿಗಳಲ್ಲಿ ಸುತ್ತುತ್ತದೆ. ಹತ್ತಿರದ ಗುಡಿಯೋ ಶಾಲೆಯೋ ಯಾವುದು, ಡಾಂಬರು ರಸ್ತೆಯಿಂದ ಎಲ್ಲಿ ತಿರುಗಬೇಕು, ಎಷ್ಟು ಜನರಿಗೆ ಪೆಟ್ಟಾಗಿದೆ, ಎಚ್ಚರವಿದೆಯೇ, ಉಸಿರಿದೆಯೇ, ರಕ್ತ ಹೋಗುತ್ತಿದೆಯೇ ಎಂದು ಹೇಳಬೇಕು, ಆ ಕಡೆಯವರು ಸಾಕು ಎನ್ನುವವರೆಗೆ ಫೋನ್ ಇಡಬಾರದು. ಗಾಯಗೊಂಡವನ ಹತ್ತಿರ ಇಬ್ಬರು ಸಾಕು. ಒಬ್ಬ ಹುಡುಗನನ್ನು ಕೆಂಪು ಬಟ್ಟೆ ಕೊಟ್ಟು ಡಾಂಬರು ರಸ್ತೆಯ ತಿರುವಿಗೆ ಓಡಿಸಿ.